ಮೀನು ಸಾಯುತ್ತಿದ್ದರೆ ಮೊದಲು ನೀರು ನೋಡಿ: ಮಲೆನಾಡಿನ ಅಕ್ವೇರಿಯಂಗೆ ದೋಷ ನಿವಾರಣೆ ಕೈಪಿಡಿ

ಅಕ್ವೇರಿಯಂನಲ್ಲಿ ಒಂದು ಮೀನು ಸತ್ತರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂಗಡಿಗೆ ಓಡಿ ನೀಲಿ ಔಷಧಿಯ ಬಾಟಲಿ ತರುವುದು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಮನೆಗಳಲ್ಲಿ ನಾನು ನೋಡಿರುವ ತೊಟ್ಟಿಗಳಲ್ಲಿ ತೊಂದರೆ ಮೀನಿನ ಮೈಯಲ್ಲಿ ಶುರುವಾಗಿದ್ದು ಕಡಿಮೆ, ನೀರಿನಲ್ಲಿ ಶುರುವಾಗಿದ್ದೇ ಜಾಸ್ತಿ. ಅದರಲ್ಲೂ ನಮ್ಮ ಕಡೆ ನೀರು ಬೇರೆ ಥರ. ಬಯಲುಸೀಮೆಯ ಗಡಸು ಬೋರ್ ನೀರಿಗೆ ಹೊಂದುವ ಸಲಹೆಯನ್ನು ಗುಡ್ಡದ ಅಬ್ಬಿ ನೀರಿಗೆ ಹಾಗೇ ತಂದು ಹಾಕಿದರೆ ಮೀನು ಉಳಿಯುವುದಿಲ್ಲ.

ಹಾಗಾಗಿ ಇಲ್ಲಿ ಔಷಧಿಯ ಮಾತು ಕೊನೆಯ ಭಾಗದಲ್ಲಿ ಬರುತ್ತದೆ. ಮೊದಲು ಮೀನಿನ ಉಸಿರು. ಆಮೇಲೆ ನೀರಿನ ಬಿಸಿ. ಆಮೇಲೆ ಅಮೋನಿಯಾ, ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬ ಅಳತೆ; 7ಕ್ಕಿಂತ ಕೆಳಗೆ ಆಮ್ಲೀಯ, ಮೇಲೆ ಕ್ಷಾರೀಯ), ಕೆಎಚ್ (ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿ). ಆಮೇಲೆ ಹೊರಗಿನಿಂದ ಬಿದ್ದಿರಬಹುದಾದ ವಿಷ. ಇಷ್ಟೂ ಸರಿ ಇದೆ ಎಂದು ಖಾತ್ರಿಯಾದ ಮೇಲೆ ರೋಗ. ಈ ಕ್ರಮ ಬಿಡಬೇಡಿ.

ಮೊದಲ ಹತ್ತು ನಿಮಿಷ

ಮೀನು ಒದ್ದಾಡುವುದು ಕಂಡರೆ ಕೈ ಸುಮ್ಮನಿರುವುದಿಲ್ಲ. ಆದರೂ ಒಂದು ನಿಮಿಷ ನಿಂತು ನೋಡಿ. ಎಲ್ಲ ಮೀನಿಗೂ ಒಟ್ಟಿಗೇ ಹೀಗಾಗಿದೆಯಾ, ಒಂದೇ ಜಾತಿಗೆ ಆಗಿದೆಯಾ, ಒಂದೇ ಮೀನಿಗೆ ಆಗಿದೆಯಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಎಲ್ಲವಕ್ಕೂ ಒಟ್ಟಿಗೆ ಆಗಿದ್ದರೆ ಅದು ರೋಗವಲ್ಲ. ರೋಗ ಒಂದರಿಂದ ಇನ್ನೊಂದಕ್ಕೆ ಹರಡಲು ದಿನ ಬೇಕು. ಗಂಟೆಯೊಳಗೆ ಎಲ್ಲವೂ ನೆಲ ಹಿಡಿದವು ಎಂದರೆ ನೀರು ಕೆಟ್ಟಿದೆ, ಗಾಳಿ ಸಾಲದು, ಇಲ್ಲವೇ ಏನೋ ವಿಷ ಬಿದ್ದಿದೆ. ಒಂದೇ ಜಾತಿಯ ಮೀನು ಸಾಯುತ್ತಿದ್ದರೆ, ಉದಾಹರಣೆಗೆ ಮಾಲಿ ಮಾತ್ರ ಸಾಯುತ್ತಿದ್ದು ಟೆಟ್ರಾ ಆರಾಮಾಗಿದ್ದರೆ, ಆ ಜಾತಿಗೆ ನಿಮ್ಮ ನೀರು ಒಗ್ಗುತ್ತಿಲ್ಲ. ಒಂದೇ ಮೀನು ಮೂಲೆ ಹಿಡಿದಿದ್ದರೆ ವಯಸ್ಸು, ಬೇರೆ ಮೀನಿನ ಕಾಟ, ರೋಗ ಇವುಗಳ ಕಡೆ ನೋಡಿ.

ಎರಡನೆಯ ಪ್ರಶ್ನೆ, ಯಾವಾಗ ಶುರುವಾಯಿತು? ಬೆಳಿಗ್ಗೆ ಏಳುವಾಗ ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿದ್ದು ಮಧ್ಯಾಹ್ನದ ಹೊತ್ತಿಗೆ ಸರಿಯಾದರೆ, ರಾತ್ರಿ ಆಮ್ಲಜನಕ ಸಾಲುತ್ತಿಲ್ಲ ಎಂದು ಅರ್ಥ. ಗಿಡಗಳು ಹಗಲು ಆಮ್ಲಜನಕ ಬಿಟ್ಟರೂ ರಾತ್ರಿ ಅವೂ ಅದನ್ನೇ ಬಳಸುತ್ತವೆ. ಗಿಡ ಜಾಸ್ತಿ, ಮೀನೂ ಜಾಸ್ತಿ ಇರುವ ತೊಟ್ಟಿಯಲ್ಲಿ ಇದು ಮಾಮೂಲು. ನೀರು ಬದಲಿಸಿದ ಒಂದು ಗಂಟೆಯೊಳಗೆ ಶುರುವಾದರೆ ಹೊಸ ನೀರಿನಲ್ಲೇ ಕಾರಣ ಇದೆ. ತೊಟ್ಟಿ ತಂದು ವಾರ ಹದಿನೈದು ದಿನದಲ್ಲಿ ಆದರೆ ಅಮೋನಿಯಾ.

ಕಾರಣ ಏನೇ ಇರಲಿ, ಕೂಡಲೇ ಮಾಡಬಹುದಾದದ್ದು ಮೂರೇ. ತಿಂಡಿ ನಿಲ್ಲಿಸಿ. ಏರ್ ಪಂಪನ್ನು ಪೂರ್ತಿ ಬಿಡಿ. ಪಂಪ್ ಇಲ್ಲದಿದ್ದರೆ ಮಗ್‌ನಲ್ಲಿ ನೀರು ತೆಗೆದು ಒಂದು ಅಡಿ ಮೇಲಿನಿಂದ ತೊಟ್ಟಿಗೇ ಸುರಿಯುತ್ತಾ ಇರಿ. ಫಿಲ್ಟರ್ ಹಿಂದೆ, ಕಲ್ಲಿನ ಸಂದಿಯಲ್ಲಿ ಸತ್ತ ಮೀನು ಕೊಳೆಯುತ್ತಿದೆಯಾ ಎಂದು ಹುಡುಕಿ ತೆಗೆಯಿರಿ. ಗುಳ್ಳೆ ಚೆನ್ನಾಗಿ ಬರುತ್ತಿದ್ದರೂ ಮೀನು ಬಾಯಿ ಬಿಡುವುದು ನಿಲ್ಲದಿದ್ದರೆ ಗಾಳಿ ಇದೆ, ಅದನ್ನು ಬಳಸಿಕೊಳ್ಳಲು ಮೀನಿಗೆ ಆಗುತ್ತಿಲ್ಲ. ಅಮೋನಿಯಾ, ನೈಟ್ರೈಟ್ (ಅಮೋನಿಯಾದಿಂದಲೇ ಆಗುವ ಇನ್ನೊಂದು ವಿಷ), ಕ್ಲೋರಿನ್, ಕಬ್ಬಿಣ ಇವುಗಳಲ್ಲಿ ಯಾವುದೋ ಒಂದು ಕಿವಿರಿಗೋ ರಕ್ತಕ್ಕೋ ಪೆಟ್ಟು ಕೊಟ್ಟಿದೆ.

ಬೇಸಿಗೆಯಲ್ಲಿ ಇದು ಬೇಗ ಕೆಡುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಿಸಿ ಏರಿದ ಹಾಗೆ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಶಿವಮೊಗ್ಗದ ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ತೊಟ್ಟಿ ಇದ್ದವರು ಇದನ್ನು ನೆನಪಿಡಿ.

ಮನೆಯಲ್ಲಿ ಇರಬೇಕಾದ ಸಾಮಾನು

ಥರ್ಮಾಮೀಟರ್. ಹನಿ ಹಾಕಿ ನೋಡುವ ಟೆಸ್ಟ್ ಕಿಟ್: ಅಮೋನಿಯಾ, ನೈಟ್ರೈಟ್, ಪಿಎಚ್, ಕೆಎಚ್ ನಾಲ್ಕೂ ಬೇಕು. ಆಂಟಿ ಕ್ಲೋರಿನ್. ಮೀನಿಗೆಂದೇ ಮೀಸಲಾದ ಎರಡು ಬಕೆಟ್. ಇವಕ್ಕೆ ಸೋಪಿನ ಪುಡಿ, ಫಿನೈಲ್ ಸೋಕಕೂಡದು. ಇದ್ದರೆ ಬ್ಯಾಟರಿಯ ಏರ್ ಪಂಪ್.

ತೊಟ್ಟಿ ಎಷ್ಟು ಲೀಟರಿನದು ಎಂದು ಗೊತ್ತಿರಬೇಕು. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರದ ತೊಟ್ಟಿ ಸುಮಾರು 56 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಒಳಗಿರುವ ನೀರು 45 ಲೀಟರಿನ ಆಸುಪಾಸು. ಔಷಧಿ, ಉಪ್ಪು ಎಲ್ಲದರ ಲೆಕ್ಕ ಈ ಒಳಗಿನ ನೀರಿನ ಮೇಲೆ.

ನಿಮ್ಮ ನೀರು ಎಲ್ಲಿಂದ ಬರುತ್ತದೆ?

ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರಿಗೆ ಕ್ಲೋರಿನ್ ಇಲ್ಲ, ಗಾಳಿಯೂ ಚೆನ್ನಾಗಿ ಬೆರೆತಿರುತ್ತದೆ. ಆದರೆ ಅದು ಮೆದು ನೀರು. ಅದರಲ್ಲಿ ಕರಗಿದ ಸುಣ್ಣದ ಅಂಶ ತೀರಾ ಕಡಿಮೆ. ಬಚ್ಚಲ ಹಂಡೆಯ ಒಳಗೆ ವರ್ಷಗಟ್ಟಲೆ ಕಾಯಿಸಿದರೂ ಬಿಳಿ ಪದರ ಕಟ್ಟದೆ, ಸೋಪು ಹಚ್ಚಿದರೆ ಜಾರು ಹೋಗದೆ ಉಳಿದರೆ ನಿಮ್ಮದು ಮೆದು ನೀರು ಎಂದೇ ತಿಳಿಯಿರಿ. ಹೆಚ್ಚಿನ ತೋಟದ ಬಾವಿಗಳದ್ದೂ ಇದೇ ಗುಣ.

ಮೆದು ನೀರು ಕೆಟ್ಟದ್ದಲ್ಲ. ಟೆಟ್ರಾ, ಬಾರ್ಬ್, ಏಂಜೆಲ್, ಗೌರಾಮಿ, ಫೈಟರ್ ಇವಕ್ಕೆ ಅದು ಹೇಳಿ ಮಾಡಿಸಿದ್ದು. ಕಷ್ಟ ಆಗುವುದು ಮಾಲಿ, ಪ್ಲಾಟಿ, ಗಪ್ಪಿಗಳಿಗೆ. ಮಾಲಿ ಒಂದೇ ಕಡೆ ನಿಂತು ರೆಕ್ಕೆ ಮುದುಡಿಕೊಂಡು ಮೈಯನ್ನು ಅತ್ತಿತ್ತ ನಡುಗಿಸುತ್ತಾ ಇರುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ. ಅದನ್ನು ರೋಗ ಎಂದುಕೊಂಡು ಔಷಧಿ ಹಾಕುವವರೇ ಜಾಸ್ತಿ. ಅದಕ್ಕೆ ಬೇಕಾಗಿರುವುದು ಗಡಸು ನೀರು ಮತ್ತು ಸ್ವಲ್ಪ ಬಿಸಿ. ಅಬ್ಬಿ ನೀರು ಇರುವ ಮನೆಗೆ ಮೀನು ಕೊಳ್ಳುವಾಗಲೇ ಟೆಟ್ರಾ ಬಾರ್ಬ್ ಕಡೆ ಹೋಗಿ. ನೀರನ್ನು ಮೀನಿಗೆ ಹೊಂದಿಸುವುದಕ್ಕಿಂತ ಮೀನನ್ನು ನೀರಿಗೆ ಹೊಂದಿಸುವುದು ಸುಲಭ.

ಬೋರ್ ನೀರಿಗೆ ಬೇರೆಯೇ ತಕರಾರು. ನೆಲದ ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವುದುಂಟು. ನೇರ ಮೋಟಾರಿನಿಂದ ತೊಟ್ಟಿಗೆ ಬಿಟ್ಟರೆ ಮೀನು ಅಲ್ಲೇ ಉಸಿರು ಕಟ್ಟಿ ನಿಲ್ಲುತ್ತದೆ. ಒಂದು ಬಿಳಿ ಬಕೆಟ್ಟಿನಲ್ಲಿ ಹಿಡಿದು ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ, ಮೇಲೆ ಎಣ್ಣೆಯಂಥ ತೆಳು ಪೊರೆ ಕಂಡರೆ ಕಬ್ಬಿಣ ಇದೆ. ಅಂಥ ನೀರಿಗೆ ಏರ್ ಸ್ಟೋನ್ ಹಾಕಿ ಒಂದು ದಿನ ಗುಳ್ಳೆ ಬಿಟ್ಟು, ಗಸಿ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಳಸಿ. ಕಬ್ಬಿಣದ ಗಸಿ ಕಿವಿರಿಗೆ ಮೆತ್ತಿಕೊಳ್ಳುತ್ತದೆ.

ಊರಿನ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದರ ಪ್ರಮಾಣ ದಿನವೂ ಒಂದೇ ಇರುವುದಿಲ್ಲ. ಶಿವಮೊಗ್ಗ ಪೇಟೆಗೆ ಬರುವುದು ತುಂಗೆಯ ನೀರು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುತ್ತದೆ. ಕೆಸರು ಇಳಿಸಲು ಬಳಸುವ ಆಲಮ್ ನೀರಿನ ಕೆಎಚ್ಚನ್ನು ಇನ್ನಷ್ಟು ತಿನ್ನುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತೊಂದರೆ ಕೊಡದ ನಲ್ಲಿ ನೀರು ಆಷಾಢದಲ್ಲಿ ಕೊಡಬಹುದು. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ, ಅದರಲ್ಲೂ ಗುಳ್ಳೆ ಬಿಟ್ಟಿದ್ದರೆ, ಕ್ಲೋರಿನ್ ಹಾರಿಹೋಗುತ್ತದೆ. ಅವಸರಕ್ಕೆ ಆಂಟಿ ಕ್ಲೋರಿನ್ ಹನಿ ಹಾಕಿ. ಬಾಟಲಿಯ ಮೇಲೆ ಬರೆದಷ್ಟೇ.

ಹೊಸ ತೊಟ್ಟಿಯ ಮೀನು ಸಾಯುವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ತಿಂಡಿಯಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ, ಕೊನೆಯದು ಅಷ್ಟು ಅಪಾಯವಲ್ಲ. ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ನೀರು ತಣ್ಣಗಿದ್ದರೆ ಇನ್ನೂ ತಡ. ತೊಟ್ಟಿ ತಂದ ದಿನವೇ ಹತ್ತು ಮೀನು ಬಿಟ್ಟರೆ ಅವು ತಮ್ಮ ಅಮೋನಿಯಾದಲ್ಲೇ ಸಾಯುತ್ತವೆ.

ಈಗಾಗಲೇ ಬಿಟ್ಟಾಗಿದ್ದರೆ ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ತಿಂಡಿ ದಿನ ಬಿಟ್ಟು ದಿನ ಚಿಟಿಕೆಯಷ್ಟು ಹಾಕಿ. ಹಳೆ ತೊಟ್ಟಿ ಇರುವ ನೆಂಟರೋ ಸ್ನೇಹಿತರೋ ಇದ್ದರೆ ಅವರ ಸ್ಪಾಂಜ್ ಫಿಲ್ಟರಿನ ಸ್ಪಾಂಜು ಸ್ವಲ್ಪ ಕತ್ತರಿಸಿ ತನ್ನಿ. ಒಣಗಲು ಬಿಡದೆ ಅವರ ತೊಟ್ಟಿಯ ನೀರಲ್ಲೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅವರ ಮೀನಿಗೆ ರೋಗ ಇಲ್ಲ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಕಿವಿರು ಕಂದು ಬಣ್ಣಕ್ಕೆ ತಿರುಗಿ, ನೈಟ್ರೈಟ್ ಏರಿದ್ದರೆ ಲೀಟರಿಗೆ ಒಂದು ಗ್ರಾಂ ಹರಳುಪ್ಪು ಕರಗಿಸಿ ಹಾಕಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟನ್ನು ರಕ್ತಕ್ಕೆ ಸೇರದಂತೆ ತಡೆಯುತ್ತದೆ.

ಹಳೆ ತೊಟ್ಟಿ, ತಿಳಿ ನೀರು, ಆದರೂ ಸಾವು

ಮಲೆನಾಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಇದೇ. ಇದನ್ನು ನಿಧಾನವಾಗಿ ಓದಿ.

ತೀರ್ಥಹಳ್ಳಿ ಕಡೆ ನಮ್ಮ ಭಾವನ ಮನೆಯ ಜಗಲಿಯಲ್ಲಿ ಮೂರು ಅಡಿಯ ತೊಟ್ಟಿ ಇದೆ. ಕನ್ನಡಿಯಂಥ ನೀರು. ಆವಿಯಾದಷ್ಟು ಅಬ್ಬಿ ನೀರು ತುಂಬಿಸುವುದು ಬಿಟ್ಟರೆ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಗಣೇಶನ ಹಬ್ಬಕ್ಕೆ ನೆಂಟರು ಬರುತ್ತಾರೆಂದು ಅರ್ಧ ನೀರು ತೆಗೆದು, ಹೊಸದಾಗಿ ಕೊರೆಸಿದ ಬೋರಿನ ನೀರು ತುಂಬಿಸಿದರು. ಸ್ವಲ್ಪ ಹೊತ್ತಿಗೇ ಫೋನು. “ನೀರು ಬದಲಿಸಿದ್ದೇ ತಡ ಕಣೋ, ಎಲ್ಲ ಮೇಲೆ ಬಂದು ಬಾಯಿ ಬಿಡ್ತಿವೆ. ಬೋರಿನಲ್ಲಿ ಏನೋ ವಿಷ ಇದೆ.”

ಕಿಟ್ ತೆಗೆದುಕೊಂಡು ಹೋಗಿ ನೋಡಿದೆ. ಬೋರ್ ನೀರಿನಲ್ಲಿ ಅಮೋನಿಯಾ ಇಲ್ಲ. ಪಿಎಚ್ ಹನಿ ಹಾಕಿದರೆ ನೀಲಿ, ಅಂದರೆ ಏಳೂವರೆಗಿಂತ ಮೇಲೆ. ನೀರಿನಲ್ಲಿ ತಪ್ಪೇನೂ ಇಲ್ಲ. ಅದೃಷ್ಟಕ್ಕೆ ತೊಟ್ಟಿಯಿಂದ ತೆಗೆದ ಹಳೆ ನೀರು ಹಿತ್ತಲ ಗಿಡಕ್ಕೆಂದು ಡ್ರಮ್ಮಿನಲ್ಲಿ ಹಾಗೇ ಇತ್ತು. ಅದನ್ನು ನಳಿಕೆಗೆ ಹಾಕಿದರೆ ನಿಂಬೆ ಹಳದಿ. ಕಿಟ್ಟಿನ ಚೀಟಿಯಲ್ಲಿ ಅದೇ ಕೊನೆಯ ಬಣ್ಣ: 6, ಅಥವಾ ಅದಕ್ಕೂ ಕೆಳಗೆ. ಅಮೋನಿಯಾ ನಳಿಕೆ ಕಡು ಹಸಿರು. ಕೆಎಚ್ ಮೊದಲ ಹನಿಗೇ ಹಳದಿಯಾಯಿತು, ಅಂದರೆ ಹತ್ತಿರ ಹತ್ತಿರ ಸೊನ್ನೆ. ವಿಷ ಇದ್ದದ್ದು ಹಳೆ ನೀರಿನಲ್ಲಿ. ಬೋರ್ ನೀರು ಅದನ್ನು ಎಬ್ಬಿಸಿತು ಅಷ್ಟೇ.

ಆದದ್ದು ಹೀಗೆ. ಕೆಎಚ್ ಎಂದರೆ ಆಮ್ಲವನ್ನು ಹೀರಿಕೊಂಡು ಪಿಎಚ್ ಬೀಳದಂತೆ ತಡೆಯುವ ಶಕ್ತಿ. ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯಾದಲ್ಲಿರುವ ಒಂದು ಗ್ರಾಂ ನೈಟ್ರೋಜನ್ ತಿಂದು ಮುಗಿಸಲು ಸುಮಾರು ಏಳು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು ಕ್ಷಾರ ಖರ್ಚಾಗುತ್ತದೆ. ಗಡಸು ನೀರಿನಲ್ಲಿ ಆ ದಾಸ್ತಾನು ದೊಡ್ಡದು. ಅಬ್ಬಿ ನೀರಿನಲ್ಲಿ ಅದು ಮೊದಲೇ ಇಲ್ಲ. ನೀರು ಬದಲಿಸದೆ ಸುಮ್ನೆ ತುಂಬಿಸುತ್ತಾ ಹೋದರೆ ಕೆಎಚ್ ಮುಗಿಯುತ್ತದೆ, ಪಿಎಚ್ ಕುಸಿಯುತ್ತದೆ. 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾದ ಕೆಲಸವೂ ಹೆಚ್ಚುಕಡಿಮೆ ನಿಲ್ಲುತ್ತದೆ. ಅಲ್ಲಿಂದ ಅಮೋನಿಯಾ ಶೇಖರವಾಗುತ್ತದೆ.

ಮೀನು ಆಗಲೇ ಯಾಕೆ ಸಾಯಲಿಲ್ಲ? ಆಮ್ಲೀಯ ನೀರಿನಲ್ಲಿ ಅಮೋನಿಯಾ ಹೆಚ್ಚೂಕಡಿಮೆ ಪೂರ್ತಿ ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿ ಇರುತ್ತದೆ. ಪಿಎಚ್ ಒಂದು ಅಂಕೆ ಏರಿದರೆ ವಿಷ ರೂಪ ಸುಮಾರು ಹತ್ತು ಪಟ್ಟಾಗುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ವಿಷ. 8ಕ್ಕೆ ಹೋದರೆ ಶೇಕಡಾ ಐದರ ಮೇಲೆ. ಆರರಲ್ಲಿದ್ದ ನೀರಿಗೆ ಒಂದೇ ಸಲ ಅರ್ಧ ತೊಟ್ಟಿ ಕ್ಷಾರೀಯ ಬೋರ್ ನೀರು ಸುರಿದರೆ, ಅಲ್ಲಿ ತನಕ ಸುಮ್ಮನಿದ್ದ ಅಮೋನಿಯಂ ಗಂಟೆಯೊಳಗೆ ವಿಷವಾಗಿ ನಿಲ್ಲುತ್ತದೆ.

ಅವತ್ತು ಮಾಡಿದ್ದು ಇಷ್ಟು: ಬೋರ್ ನೀರು ಆದಷ್ಟು ತೆಗೆದು, ಅಮೋನಿಯಾ ಇರದ ಅಬ್ಬಿ ನೀರಿನ ಜೊತೆ ಡ್ರಮ್ಮಿನ ಹಳೆ ನೀರನ್ನೂ ಸ್ವಲ್ಪ ಬೆರೆಸಿ ತುಂಬಿಸಿದೆವು. ಪಿಎಚ್ ಮತ್ತೆ ಕೆಳಗೆ ಇಳಿಯಿತು. ಏರ್ ಪಂಪ್ ಪೂರ್ತಿ ಬಿಟ್ಟೆವು. ಒಂದಷ್ಟು ಮೀನು ಹೋದವು, ಬಾರ್ಬ್‌ಗಳು ಉಳಿದವು.

ನಿಮ್ಮ ಹಳೆ ತೊಟ್ಟಿಯಲ್ಲೂ ಪಿಎಚ್ 6ಕ್ಕೆ ಇಳಿದು ಅಮೋನಿಯಾ ಕಂಡರೆ, ಅಡುಗೆ ಸೋಡಾ ಹಾಕಲು ಹೋಗಬೇಡಿ. ಅದೂ ಪಿಎಚ್ ಏರಿಸುತ್ತದೆ, ಫಲ ಒಂದೇ. ದಿನಕ್ಕೆ ಹತ್ತರಲ್ಲಿ ಒಂದು ಭಾಗ ನೀರು, ಅದೂ ಮೆದು ನೀರು, ಬದಲಿಸುತ್ತಾ ಮೊದಲು ಅಮೋನಿಯಾ ಇಳಿಸಿ. ತಿಂಡಿ ನಿಲ್ಲಿಸಿ, ಬೆಳೆದ ಮೀನು ನಾಲ್ಕೈದು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಅಮೋನಿಯಾ ಇಲ್ಲವಾದ ಮೇಲೆ ಕೆಎಚ್ ಏರಿಸುವ ಕೆಲಸ. ತೊಳೆದು ಕುದಿಸಿದ ಕಪ್ಪೆಚಿಪ್ಪನ್ನು ಕುಟ್ಟಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ಜಾಗದಲ್ಲಿ ಇಡಿ. ಒಂದು ಹಿಡಿ ಸಾಕು. ನೀರು ಆಮ್ಲೀಯವಾದಾಗ ಅದು ಕರಗುತ್ತದೆ, ಸರಿಯಾದಾಗ ಕರಗುವುದು ನಿಧಾನವಾಗುತ್ತದೆ. ಸೋಡಾ ಬಳಸುವುದಾದರೆ 50 ಲೀಟರಿಗೆ ಕಾಲು ಟೀಚಮಚ; ಅದು ಕೆಎಚ್ಚನ್ನು ಸುಮಾರು ಒಂದು ಡಿಗ್ರಿ ಏರಿಸುತ್ತದೆ. ದಿನಕ್ಕೆ ಅಷ್ಟೇ. ಕೆಎಚ್ 3 ಅಥವಾ 4 ಡಿಗ್ರಿ ಮುಟ್ಟಿದರೆ ಸಾಕು.

ಎಲೆಗೆ ಹಚ್ಚುವ ಸುಣ್ಣ ಮಾತ್ರ ಬೇಡವೇ ಬೇಡ. ಎಲ್ಲರ ಮನೆಯಲ್ಲೂ ಡಬ್ಬಿ ಇರುತ್ತದೆ, ಸುಣ್ಣವೇ ತಾನೆ ಎಂದು ಅನಿಸುತ್ತದೆ. ಚಿಪ್ಪು ಬೇರೆ, ಸುಟ್ಟ ಸುಣ್ಣ ಬೇರೆ. ಸುಟ್ಟ ಸುಣ್ಣ ಪಿಎಚ್ಚನ್ನು ಒಂದೇ ಏಟಿಗೆ ಮೇಲೆ ಎಸೆಯುತ್ತದೆ, ಮೀನಿನ ಕಿವಿರು ಸುಡುತ್ತದೆ.

ಆಮೇಲೆ ವಾರಕ್ಕೊಮ್ಮೆ ಐದರಲ್ಲಿ ಒಂದು ಭಾಗ ನೀರು ಬದಲಿಸುವ ರೂಢಿ ಮಾಡಿಕೊಳ್ಳಿ. ನೀರು ತಿಳಿಯಾಗಿ ಕಾಣುತ್ತಿದೆ ಎಂಬುದು ಏನನ್ನೂ ಹೇಳುವುದಿಲ್ಲ. ಅಮೋನಿಯಾಕ್ಕೆ ಬಣ್ಣ ಇಲ್ಲ. ತೇಲಿ ಬಂದ ಮರದ ಬೇರು ಹಾಕಿದ ತೊಟ್ಟಿಯಲ್ಲಿ ನೀರು ಕಂದು ಇರುತ್ತದೆ, ಅದರಿಂದ ಮೀನಿಗೆ ಅಪಾಯವಿಲ್ಲ.

ಮಳೆಗಾಲ: ಚಳಿ ಮತ್ತು ಕರೆಂಟು

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಬಿಸಿಲು ಅಪರೂಪ. ತೊಟ್ಟಿಯ ನೀರು ನಿಮಗೆ ಗೊತ್ತಿಲ್ಲದ ಹಾಗೆ ಇಳಿದಿರುತ್ತದೆ. ಉಷ್ಣವಲಯದ ಮೀನಿಗೆ 24ರಿಂದ 28 ಡಿಗ್ರಿ ಬೇಕು. ಗೋಲ್ಡ್ ಫಿಶ್ ಮಾತ್ರ ತಣ್ಣನೆ ನೀರಿನಲ್ಲೂ ಆರಾಮ. ಥರ್ಮಾಮೀಟರನ್ನು ಬೆಳಿಗ್ಗೆ ಆರಕ್ಕೆ ನೋಡಿ, ಮಧ್ಯಾಹ್ನದ ಅಂಕೆ ನಂಬಬೇಡಿ. ಹೀಟರ್ ಲೀಟರಿಗೆ ಒಂದು ವ್ಯಾಟಿನ ಲೆಕ್ಕ: 50 ಲೀಟರಿಗೆ 50 ವ್ಯಾಟ್. ತೊಟ್ಟಿಯ ಹಿಂದೆ, ಪಕ್ಕಕ್ಕೆ ಥರ್ಮೋಕೋಲ್ ಹಚ್ಚಿದರೆ ಬಿಸಿ ನಿಲ್ಲುತ್ತದೆ. ಚಳಿಯಲ್ಲಿ ಮೀನಿಗೆ ಅರಗುವುದು ನಿಧಾನ, ತಿಂಡಿ ಅರ್ಧ ಮಾಡಿ. ನೀರು ಬದಲಿಸುವಾಗ ಹೊಸ ನೀರಿಗೆ ಸ್ವಲ್ಪ ಬಿಸಿ ನೀರು ಬೆರೆಸಿ ತೊಟ್ಟಿಯ ಬಿಸಿಗೇ ತನ್ನಿ. ತಾಮ್ರದ ಹಂಡೆಯ ನೀರು ಬೇಡ, ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಮೆದು ನೀರಿಗೆ ತಾಮ್ರ ಬಿಟ್ಟುಕೊಳ್ಳುತ್ತದೆ.

ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಒಂದೆರಡು ದಿನ ಕರೆಂಟು ಬಾರದಿರುವುದು ಹಳ್ಳಿಗಳಲ್ಲಿ ಹೊಸದೇನಲ್ಲ. ಇನ್ವರ್ಟರ್ ಇದ್ದರೆ ಹೀಟರ್ ಅದರ ಮೇಲೆ ಹಾಕಬೇಡಿ, ಬ್ಯಾಟರಿ ಬಸಿದುಬಿಡುತ್ತದೆ. ಏರ್ ಪಂಪ್ ಹಾಕಿ. ಸಣ್ಣ ಪಂಪ್ ತಿನ್ನುವುದು 3ರಿಂದ 5 ವ್ಯಾಟ್ ಅಷ್ಟೇ. ತೊಟ್ಟಿಗೆ ಹಳೆ ಕಂಬಳಿ ಸುತ್ತಿ, ಮೇಲ್ಭಾಗ ಮಾತ್ರ ಗಾಳಿಗೆ ಬಿಡಿ. ತಿಂಡಿ ಬೇಡ.

ಇಲ್ಲೇ ಎರಡು ದೋಷ ಅಡಗಿರುತ್ತವೆ. ಒಂದು, ಏರ್ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದರೆ ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುತ್ತದೆ, ನೆಲಕ್ಕೂ ಬರುತ್ತದೆ. ಪಂಪನ್ನು ಮೇಲಿಡಿ, ಇಲ್ಲವೇ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಬಾಯಿಂದ ಊದಿದರೆ ಒಂದು ಕಡೆಯಿಂದ ಮಾತ್ರ ಗಾಳಿ ಹೋಗಬೇಕು, ಹಾಗೆ ನೋಡಿ ಹಾಕಿ. ಎರಡು, ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಹಲವು ಗಂಟೆ ನಿಂತರೆ ಒಳಗಿನ ಬ್ಯಾಕ್ಟೀರಿಯಾ ಆಮ್ಲಜನಕ ಇಲ್ಲದೆ ಸಾಯುತ್ತವೆ, ಒಳಗಿನ ನೀರು ನಾರುತ್ತದೆ. ಕರೆಂಟು ಬಂದ ಕೂಡಲೇ ಆ ಕೊಳಕು ಒಂದೇ ಸಲ ತೊಟ್ಟಿಗೆ ಬರುತ್ತದೆ. ಚಾಲೂ ಮಾಡುವ ಮೊದಲು ಬಿಚ್ಚಿ, ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಿ. ನಲ್ಲಿ ನೀರಿನಲ್ಲಿ ತೊಳೆದರೆ ಉಳಿದ ಬ್ಯಾಕ್ಟೀರಿಯಾವೂ ಹೋಗುತ್ತವೆ.

ನೀರಿಗೆ ಕೈ ಹಾಕಿದಾಗ ಜುಮ್ ಎಂದರೆ ಹೀಟರಿನ ಗಾಜು ಒಡೆದಿದೆ ಅಥವಾ ಪಂಪಿನ ವೈರು ಸೋರುತ್ತಿದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ. ಒಂದೊಂದೇ ಹಾಕಿ ಟೆಸ್ಟರ್ ಹಿಡಿದು ನೋಡಿ, ಬೆಳಗಿಸಿದ್ದನ್ನು ಎಸೆಯಿರಿ. ಪ್ರತಿ ವೈರೂ ಪ್ಲಗ್ಗಿಗೆ ಹೋಗುವ ಮುನ್ನ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು. ಆಗ ಜಾರಿದ ನೀರು ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪೂರ್ತಿ ಕೀಳಿ.

ಹೊರಗಿನಿಂದ ಬೀಳುವ ವಿಷ

ಅಡಿಕೆ ತೋಟ ಇರುವ ಮನೆಯಲ್ಲಿ ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಔಷಧಿ, ಅಂದರೆ ಬೋರ್ಡೋ ದ್ರಾವಣ, ಹೊಡೆಯುತ್ತಾರೆ, ಒಂದೂವರೆ ತಿಂಗಳಿಗೆ ಮತ್ತೊಮ್ಮೆ. ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಗೊತ್ತು: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಎಂದರೆ ತಾಮ್ರ. ಮೀನಿಗೆ ತಾಮ್ರ ವಿಷ, ಮೆದು ನೀರಿನಲ್ಲಿ ಅದರ ಏಟು ಇನ್ನೂ ಜೋರು. ಸಿಗಡಿ, ಬಸವನಹುಳು ಮೊದಲು ಸಾಯುತ್ತವೆ. ಅವು ಸತ್ತು ಮೀನು ಮಂಕಾಗಿದ್ದರೆ ತಾಮ್ರದ ಸಂಶಯ ಪಡಿ.

ಔಷಧಿ ಕಲಸಿದ ಡ್ರಮ್ಮು, ಬಕೆಟ್ಟು, ಪೈಪು ಮೀನಿನ ನೀರಿಗೆ ಎಂದೂ ಬೇಡ, ಎಷ್ಟು ತೊಳೆದರೂ ಬೇಡ. ಹೊಡೆಯುವ ವಾರ ತೋಟದ ಬಾವಿ, ತೋಡಿನ ನೀರು ಬೇಡ. ಅದಕ್ಕೆ ಮುಂಚೆಯೇ ಎರಡು ಡ್ರಮ್ ನೀರು ತುಂಬಿ ಮುಚ್ಚಿಡಿ. ತೊಟ್ಟಿ ಜಗಲಿಯಲ್ಲೋ ಅಂಗಳದ ಕಡೆಗೋ ಇದ್ದರೆ ಆ ದಿನ ಮೇಲೆ ಪ್ಲಾಸ್ಟಿಕ್ ಹೊದಿಸಿ.

ಮನೆಯೊಳಗಿನ ಶತ್ರು ಸೊಳ್ಳೆ ಔಷಧಿ. ಸುರುಳಿ, ಲಿಕ್ವಿಡ್, ಜಿರಲೆಗೆ ಹೊಡೆಯುವ ಸ್ಪ್ರೇ ಎಲ್ಲದರಲ್ಲೂ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ. ನಮಗೆ ಅಷ್ಟೇನೂ ಮಾಡದ ಅದು ಮೀನಿಗೆ ತೀರಾ ಅಲ್ಪ ಪ್ರಮಾಣದಲ್ಲೂ ಮಾರಕ. ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುವುದು ಏರ್ ಪಂಪಿನ ಕೆಲಸ, ಅಲ್ವಾ? ಪಂಪಿನ ಪಕ್ಕದಲ್ಲೇ ಸುರುಳಿ ಹಚ್ಚಿದರೆ ಹೊಗೆ ನೇರ ತೊಟ್ಟಿಗೆ. ಮೀನು ಸುರುಳಿ ಸುರುಳಿಯಾಗಿ ಈಜುವುದು, ಗಾಜಿಗೆ ಹೊಡೆದುಕೊಳ್ಳುವುದು, ತೊಟ್ಟಿಯಿಂದ ಹಾರಲು ನೋಡುವುದು ಇದರ ಲಕ್ಷಣ. ಕೂಡಲೇ ಕಾಲು ಭಾಗ ನೀರು ಬದಲಿಸಿ, ಎರಡು ಗಂಟೆ ಬಿಟ್ಟು ಮತ್ತೆ ಕಾಲು ಭಾಗ. ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ತೊಟ್ಟಿ ಇರುವ ಕೋಣೆಗೆ ಸೊಳ್ಳೆ ಪರದೆಯೇ ಸರಿ.

ಈಗ ರೋಗ

ರವೆ ಕಾಳಿನಷ್ಟು ಬಿಳಿ ಚುಕ್ಕೆಗಳು, ಮೀನು ಕಲ್ಲಿಗೆ ಮೈ ಉಜ್ಜುವುದು: ಇದು ಇಕ್, ಮಳೆಗಾಲದ ಮುಖ್ಯ ಕಾಯಿಲೆ. ಚುಕ್ಕೆಯೊಳಗಿನ ಪರಾವಲಂಬಿಗೆ ಮೀನಿನ ಚರ್ಮದ ರಕ್ಷಣೆ ಇರುತ್ತದೆ, ಔಷಧಿ ತಾಗುವುದಿಲ್ಲ. ಅದು ಕಳಚಿ ತಳಕ್ಕೆ ಬಿದ್ದು, ಒಡೆದು ನೂರಾರು ಮರಿಗಳಾಗಿ ನೀರಿಗೆ ಬಂದಾಗ ಮಾತ್ರ ಸಾಯುತ್ತದೆ. ಹಾಗಾಗಿ ಚುಕ್ಕೆ ಮಾಯವಾಯಿತೆಂದು ನಿಲ್ಲಿಸಬೇಡಿ, ಅಲ್ಲಿಂದ ಇನ್ನೂ ಒಂದು ವಾರ ಮುಂದುವರಿಸಿ. ದಿನಕ್ಕೆ ಒಂದೆರಡು ಡಿಗ್ರಿಯಂತೆ ನೀರನ್ನು 30ಕ್ಕೆ ತನ್ನಿ, ಗಾಳಿ ಜಾಸ್ತಿ ಮಾಡಿ. ಲೀಟರಿಗೆ ಎರಡು ಗ್ರಾಂ ಹರಳುಪ್ಪು, ಮೂರು ಪಾಲು ಮಾಡಿ ಒಂದೂವರೆ ದಿನದಲ್ಲಿ ಕರಗಿಸಿ ಹಾಕಿ. ಉಪ್ಪು ಆವಿಯಾಗುವುದಿಲ್ಲ, ಆವಿಯಾದ ಜಾಗಕ್ಕೆ ಬರೀ ನೀರು ತುಂಬಿಸಿ. ಲೋಚ್, ಕೋರಿಡೋರಸ್ ಜಾತಿಯ ಮೀನು ಅಥವಾ ಗಿಡ ಇರುವ ತೊಟ್ಟಿಗೆ ಇಷ್ಟು ಉಪ್ಪು ಆಗದು. ಗೋಲ್ಡ್ ಫಿಶ್‌ಗೆ ಉಪ್ಪು ಸರಿ, 30 ಡಿಗ್ರಿ ಬೇಡ.

ರೆಕ್ಕೆಯ ಅಂಚು ಹರಿದು ಬೆಳ್ಳಗಾಗಿದ್ದರೆ ಕೊಳಕು ನೀರು ಅಥವಾ ಕಚ್ಚಾಟ. ನೀರು ಸರಿ ಮಾಡಿದರೆ ಹೆಚ್ಚಿನವು ತಾವೇ ಬೆಳೆಯುತ್ತವೆ. ಹೊಟ್ಟೆ ಉಬ್ಬಿ ಹುರುಪೆಗಳು ಎದ್ದು ನಿಂತಿದ್ದರೆ ಬದುಕುವುದು ಕಷ್ಟ; ಬೇರೆ ಪಾತ್ರೆಗೆ ಹಾಕಿ. ಗೋಲ್ಡ್ ಫಿಶ್ ಓರೆಯಾಗಿ ತೇಲುತ್ತಿದ್ದರೆ ಎರಡು ದಿನ ತಿಂಡಿ ನಿಲ್ಲಿಸಿ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿ ಚೂರು ಕೊಡಿ.

ಆ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಬಳಸಲೇಬೇಕಾದರೆ ಬೇರೆ ಬಕೆಟ್ಟಿನಲ್ಲಿ ಬಳಸಿ. ದೊಡ್ಡ ತೊಟ್ಟಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಪೆಟ್ಟು, ಮತ್ತೆ ಅಮೋನಿಯಾ. ಹೊಸ ಮೀನು ತಂದಾಗ ಮೂರು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ಆಮೇಲೆ ಸೇರಿಸಿದರೆ ಈ ಭಾಗದ ಹೆಚ್ಚಿನದು ನಿಮಗೆ ಬೇಕಾಗುವುದೇ ಇಲ್ಲ.

ಸತ್ತ ಮೀನು, ಔಷಧಿ ನೀರು, ಬೇಡವಾದ ಮೀನು

ಔಷಧಿ ಬೆರೆತ ನೀರನ್ನು ಬಾವಿಯಿಂದ ದೂರ, ಮಣ್ಣಿಗೆ ಸುರಿಯಿರಿ, ತೋಡಿಗೆ ಬೇಡ. ಸತ್ತ ಮೀನು ಗೊಬ್ಬರದ ಗುಂಡಿಯಲ್ಲಿ ಹೂಳಿ.

ಸಾಕಲು ಆಗದ ಮೀನನ್ನು ಹಳ್ಳಕ್ಕೋ ಕೆರೆಗೋ ಬಿಡಬೇಡಿ. ಶೃಂಗೇರಿಯ ಮಠದ ಹತ್ತಿರ, ತೀರ್ಥಹಳ್ಳಿ ಸಮೀಪದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನು ಜನ ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ. ಅಂಗಡಿಯಿಂದ ತಂದ ಸಕ್ಕರ್ ಮೀನು ಅಂಗೈಯಗಲ ಇರುವಾಗ ಪಾಪದ್ದು, ಬೆಳೆದರೆ ಒಂದು ಅಡಿ ದಾಟುತ್ತದೆ, ಹೊಳೆಗೆ ಬಿದ್ದರೆ ಅಲ್ಲೇ ಮರಿ ಮಾಡಿ ಊರಿನ ಮೀನಿನ ಆಹಾರ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಭಾರತದ ಹಲವು ಕೆರೆ ಹೊಳೆಗಳಲ್ಲಿ ಇದು ಈಗಾಗಲೇ ಆಗಿದೆ. ಅಂಗಡಿಯವರನ್ನೇ ಕೇಳಿ ಮರಳಿ ಕೊಡಿ, ಅಥವಾ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಹಾಗೆಯೇ ಹಳ್ಳದಿಂದ ಹಿಡಿದ ಮೀನನ್ನು ತಂದು ಅಂಗಡಿ ಮೀನಿನ ಜೊತೆ ಹಾಕುವುದೂ ಬೇಡ. ಎರಡೂ ಕಡೆಯ ರೋಗ ಒಂದೇ ತೊಟ್ಟಿಗೆ ಬರುತ್ತದೆ.